ಇಪ್ಪತ್ಮೂರನೇ ನಂಬರಿನ ಅಂಗಿ

2010ರ ಜುಲೈ 8, ಗುರುವಾರ. ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಬಾರುಗಳಲ್ಲಿ ಜನ ರಾತ್ರಿ ಒಂಬತ್ತಾಗುವುದನ್ನೇ ಕಾಯುತ್ತಿದ್ದರು. ಆ ದಿನ ಪಂದ್ಯವೇನೂ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್ ಋತು ಮುಗಿದೇ ಮೂರು ವಾರವಾಗಿತ್ತು. ಟೀವಿಯಲ್ಲಿ ಕೇಳಬೇಕಿದ್ದದ್ದು ಒಬ್ಬ ಆಟಗಾರನ ಬಾಯಿಂದ ಒಂದು ತಂಡದ ಹೆಸರು, ಅಷ್ಟೇ.

ಇಎಸ್‌ಪಿಎನ್ ವಾಹಿನಿ ಆ ಕಾರ್ಯಕ್ರಮಕ್ಕೆ ‘ದಿ ಡಿಸಿಷನ್’ ಎಂದು ಹೆಸರಿಟ್ಟಿತ್ತು. ಚಿತ್ರೀಕರಣ ನಡೆದದ್ದು ಕ್ಲೀವ್‌ಲ್ಯಾಂಡಿನಿಂದ ನೂರಾರು ಕಿಲೋಮೀಟರ್ ದೂರದ ಕನೆಕ್ಟಿಕಟ್ ರಾಜ್ಯದಲ್ಲಿ, ಗ್ರಿನಿಚ್ ಪಟ್ಟಣದ ಮಕ್ಕಳ ಕ್ಲಬ್ಬೊಂದರ ಜಿಮ್ಮಿನಲ್ಲಿ. ಚೌಕುಳಿ ಅಂಗಿ ತೊಟ್ಟು ಕುರ್ಚಿಯ ಮೇಲೆ ಕೂತಿದ್ದವರು ಅಲ್ಲಿಯವರೆಗೆ ಕ್ಲೀವ್‌ಲ್ಯಾಂಡ್ ತಂಡದಲ್ಲಿ ಆಡಿದ್ದ ಲೆಬ್ರಾನ್ ಜೇಮ್ಸ್, ವಯಸ್ಸು 25. ಎದುರಿಗೆ ನಿರೂಪಕ ಜಿಮ್ ಗ್ರೇ. ಹಿನ್ನೆಲೆಯಲ್ಲಿ ಮಕ್ಕಳು. ಅರ್ಧ ಗಂಟೆ ಹತ್ತಿರ ಹತ್ತಿರ ಅದೂ ಇದೂ ಮಾತು ನಡೆಯಿತು. ಉಗುರು ಕಚ್ಚುವ ಅಭ್ಯಾಸ ಇನ್ನೂ ಇದೆಯಾ ಎಂಬ ಪ್ರಶ್ನೆಯೂ ಬಂತು. ಕೊನೆಗೆ ಬಂತು ಆ ವಾಕ್ಯ: ತನ್ನ ಪ್ರತಿಭೆಯನ್ನು ಸೌತ್ ಬೀಚಿಗೆ ಒಯ್ದು ಮಯಾಮಿ ಹೀಟ್ ತಂಡ ಸೇರುತ್ತೇನೆ ಎಂಬ ಮಾತು. ಸುಮಾರು ಒಂದು ಕೋಟಿ ಜನ ಅದನ್ನು ನೇರ ಪ್ರಸಾರದಲ್ಲಿ ನೋಡಿದರು.

ಕ್ಲೀವ್‌ಲ್ಯಾಂಡಿನ ಬೀದಿಗಳಲ್ಲಿ ಆ ರಾತ್ರಿಯೇ ಲೆಬ್ರಾನ್ ಅವರ 23ನೇ ನಂಬರಿನ ಜರ್ಸಿಗಳಿಗೆ ಬೆಂಕಿ ಬಿತ್ತು. ಅದರ ಸುತ್ತ ನೆರೆದ ಹುಡುಗರು ಕೂಗಾಡಿದರು, ಕೆಲವರು ಅತ್ತರು. ಅಂಗಿ ಉರಿಯುವ ಆ ದೃಶ್ಯವನ್ನು ಕ್ಯಾಮೆರಾಗಳು ದೇಶಕ್ಕೆಲ್ಲ ತೋರಿಸಿದವು. ಆಮೇಲಿನ ವರ್ಷಗಳಲ್ಲಿ ಅಮೆರಿಕದಲ್ಲಿ ಯಾವ ದೊಡ್ಡ ಆಟಗಾರ ತಂಡ ಬಿಟ್ಟರೂ ಯಾರಾದರೂ ಒಬ್ಬ ಹಿತ್ತಿಲಲ್ಲಿ ಅಂಗಿ ಸುಟ್ಟು ವಿಡಿಯೊ ಮಾಡುವುದು ಒಂದು ವಿಧಿಯೇ ಆಗಿಹೋಯಿತು. ಹಣ ಕೊಟ್ಟು ತಂದ ಅಂಗಿಯನ್ನು ತಾನೇ ಸುಟ್ಟುಕೊಂಡರೆ ನಷ್ಟ ಯಾರಿಗೆ ಎಂದು ನಗುವವರು ನಗಲಿ. ಸಿಟ್ಟು ಲಾಭನಷ್ಟ ನೋಡಿ ಬರುವುದಿಲ್ಲ.

ಲೆಬ್ರಾನ್ ಕ್ಲೀವ್‌ಲ್ಯಾಂಡಿಗೆ ಬೇರೆಲ್ಲಿಂದಲೋ ಬಂದು ಸೇರಿದ ಆಟಗಾರನಾಗಿದ್ದರೆ ಮಾತು ಬೇರೆ ಇತ್ತು. ಅವರು ಹುಟ್ಟಿದ್ದು ಅಲ್ಲಿಂದ ಅರವತ್ತು ಕಿಲೋಮೀಟರ್ ಆಚೆಗಿನ ಆಕ್ರನ್‌ನಲ್ಲಿ, ಟೈರು ಕಾರ್ಖಾನೆಗಳ ಊರಿನಲ್ಲಿ. ತಾಯಿ ಗ್ಲೋರಿಯಾ ಹದಿನಾರನೇ ವಯಸ್ಸಿಗೇ ಹಡೆದು ಒಬ್ಬಳೇ ಸಾಕಿದ ಮಗ. ಹೈಸ್ಕೂಲಿನಲ್ಲಿ ಇರುವಾಗಲೇ, 2002ರಲ್ಲಿ, ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟದಲ್ಲಿ ಫೋಟೊ. ಮರುವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಮೊದಲ ಆಯ್ಕೆಯ ಅವಕಾಶ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಪಾಲಿಗೆ ಬಂದಾಗ ಊರವರಿಗೆ ಅದು ಲಾಟರಿ ಹೊಡೆದಂತೆ ಅನ್ನಿಸಿತು. ನಿಜಕ್ಕೂ ಲಾಟರಿಯೇ: ಹಿಂದಿನ ಋತುವಿನಲ್ಲಿ ಹಿಂದೆಬಿದ್ದ ತಂಡಗಳ ನಡುವೆ ಚೀಟಿ ಎತ್ತಿ ಆ ಅವಕಾಶ ಹಂಚುತ್ತಾರೆ. ಮುಂದಿನ ವರ್ಷಗಳಲ್ಲಿ ಊರ ನಡುವಿನ ಒಂದು ಕಟ್ಟಡದ ಗೋಡೆಯ ಮೇಲೆ ಹತ್ತು ಮಹಡಿ ಎತ್ತರದ ಅವರ ಚಿತ್ರ ರಾರಾಜಿಸಿತು, ಎರಡೂ ಕೈ ಚಾಚಿದ ಭಂಗಿಯಲ್ಲಿ. ಅಭಿಮಾನಿಗಳು ಅವರ ಬಗ್ಗೆ ಮಾತಾಡುತ್ತಿದ್ದದ್ದು ಮನೆಮಗನ ಬಗ್ಗೆ ಮಾತಾಡುವ ಹಾಗೆ. ಕನ್ನಡದಲ್ಲಿ ಹೇಳುವುದಾದರೆ, ಏಕವಚನದ ಸಲಿಗೆಯಲ್ಲಿ.

ಊರಿನ ಹಣೆಬರಹವನ್ನೂ ಸ್ವಲ್ಪ ನೋಡಬೇಕು. 1950ರಲ್ಲಿ ಕ್ಲೀವ್‌ಲ್ಯಾಂಡಿನ ಜನಸಂಖ್ಯೆ 9 ಲಕ್ಷ ದಾಟಿತ್ತು. ಉಕ್ಕಿನ ಕಾರ್ಖಾನೆಗಳು ಸೊರಗಿ, ಕೆಲಸ ಹೋಗಿ, ಜನ ಗುಳೆ ಹೊರಟು 2010ರ ಜನಗಣತಿಯ ಹೊತ್ತಿಗೆ ಉಳಿದವರು 4 ಲಕ್ಷಕ್ಕೂ ಕಡಿಮೆ. ಆಟದಲ್ಲೂ ಅದೇ ಕತೆ. 1964ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಬ್ರೌನ್ಸ್ ಗೆದ್ದ ಪ್ರಶಸ್ತಿಯೇ ಕೊನೆ, ಆಮೇಲೆ ಯಾವ ದೊಡ್ಡ ಲೀಗಿನಲ್ಲೂ ಗೆಲುವಿಲ್ಲ. ಸೋಲುಗಳಿಗೆ ಮಾತ್ರ ಅಲ್ಲಿ ಹೆಸರುಗಳಿದ್ದವು. ಬ್ರೌನ್ಸ್ ಸೋಲುಗಳಲ್ಲಿ 1987ರದ್ದು ‘ದಿ ಡ್ರೈವ್’, 1988ರದ್ದು ‘ದಿ ಫಂಬಲ್’; 1989ರಲ್ಲಿ ಮೈಕಲ್ ಜೋರ್ಡನ್ ಕ್ಯಾವಲಿಯರ್ಸ್ ಎದುರು ಕೊನೆಯ ಕ್ಷಣದಲ್ಲಿ ಬುಟ್ಟಿಗೆ ಹಾಕಿದ್ದು ‘ದಿ ಶಾಟ್’. 1995ರಲ್ಲಿ ಬ್ರೌನ್ಸ್ ಮಾಲೀಕ ಆರ್ಟ್ ಮೊಡೆಲ್ ಇಡೀ ತಂಡವನ್ನೇ ಬಾಲ್ಟಿಮೋರಿಗೆ ಸಾಗಿಸುವುದಾಗಿ ಪ್ರಕಟಿಸಿದರು. ಅಲ್ಲಿ ಬೇರೆ ಹೆಸರಿಟ್ಟುಕೊಂಡ ಆ ತಂಡ ಐದೇ ವರ್ಷದಲ್ಲಿ ಆ ಆಟದ ಅತಿದೊಡ್ಡ ಪ್ರಶಸ್ತಿ ಸೂಪರ್ ಬೌಲ್ ಗೆದ್ದಿತು. ಹೀಗೆ ಬಿಟ್ಟು ಹೋದವರೆಲ್ಲ ಬೇರೆಡೆ ಉದ್ಧಾರವಾಗುವುದನ್ನು ನೋಡಿ ನೋಡಿ ಬೆಂದಿದ್ದ ಊರಿಗೆ, ಬಿಟ್ಟು ಹೋಗುವ ಸುದ್ದಿಯನ್ನು ಒಂದು ಗಂಟೆಯ ಟೀವಿ ಕಾರ್ಯಕ್ರಮ ಮಾಡಿ, ಜಾಹೀರಾತಿನ ಬಿಡುವು ಕೊಟ್ಟು ಕೊಟ್ಟು ಹೇಳಲಾಯಿತು. ‘ದಿ ಡಿಸಿಷನ್’ ಎಂಬ ಹೆಸರೂ ತಾನಾಗಿಯೇ ಹಳೆಯ ಪಟ್ಟಿಗೆ ಹೋಗಿ ಸೇರಿಕೊಂಡಿತು.

ಕಾನೂನಿನ ಪ್ರಕಾರ ಲೆಬ್ರಾನ್ ಯಾವ ತಪ್ಪನ್ನೂ ಮಾಡಿರಲಿಲ್ಲ. ಕರಾರು ಮುಗಿದಿತ್ತು, ಅವರು ‘ಫ್ರೀ ಏಜೆಂಟ್’ ಆಗಿದ್ದರು. ಅಂದರೆ ಇಷ್ಟ ಬಂದ ತಂಡದೊಂದಿಗೆ ಮಾತಾಡಿ ಸಹಿ ಹಾಕುವ ಹಕ್ಕು ಅವರದು. ಈ ಹಕ್ಕು ಸುಮ್ಮನೆ ಬಂದದ್ದಲ್ಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಂದು ಕಾಲಕ್ಕೆ ತಂಡಕ್ಕೆ ಬೇಕಾದಷ್ಟು ಕಾಲ ಆಟಗಾರ ಅದರ ಸೊತ್ತು. ಕರಾರು ಮುಗಿದರೂ ಬಿಡುಗಡೆ ಇರಲಿಲ್ಲ. ಅದರ ವಿರುದ್ಧ 1970ರಲ್ಲಿ ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಕೋರ್ಟಿಗೆ ಹೋದರು. 1976ರಲ್ಲಿ ರಾಜಿಯಾಗಿ ಆ ಕಟ್ಟು ಸಡಿಲವಾಯಿತು. ಯಾವ ಷರತ್ತೂ ಇಲ್ಲದೆ ತಂಡ ಬದಲಿಸಿದ ಮೊದಲ ಆಟಗಾರ 1988ರಲ್ಲಿ ಸಿಯಾಟಲ್ ಬಿಟ್ಟು ಫೀನಿಕ್ಸ್ ಸೇರಿದ ಟಾಮ್ ಚೇಂಬರ್ಸ್. ರಾಬರ್ಟ್‌ಸನ್ ಹತ್ತು ವರ್ಷ ಆಡಿದ್ದು ಸಿನ್ಸಿನಾಟಿಯಲ್ಲಿ, ಅಂದರೆ ಇದೇ ಒಹಾಯೊದಲ್ಲಿ. ಲೆಬ್ರಾನ್ ಹೊರಟ ಬಾಗಿಲನ್ನು ತೆರೆದವರೂ ಆ ರಾಜ್ಯದಲ್ಲೇ ಹೆಸರು ಮಾಡಿದವರು.

ಐಪಿಎಲ್ ನೋಡಿ ಬೆಳೆದ ನಮ್ಮ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ನಮ್ಮಲ್ಲಿ ಹರಾಜು. ಸುತ್ತಿಗೆ ಬಡಿದ ಮೇಲೆ ಆಟಗಾರ ಯಾವ ಊರಿಗೆ ಬಿದ್ದರೂ ಅದು ಅವನ ತೀರ್ಮಾನ ಅಲ್ಲ ಎಂದು ಅಭಿಮಾನಿ ಸಮಾಧಾನ ಮಾಡಿಕೊಳ್ಳಬಹುದು. ಫ್ರೀ ಏಜೆನ್ಸಿಯಲ್ಲಿ ಆ ಸಮಾಧಾನಕ್ಕೆ ಜಾಗವಿಲ್ಲ. ಆಟಗಾರ ನಿಮ್ಮನ್ನೂ ನೋಡಿದ್ದಾನೆ, ಪಕ್ಕದ ಊರನ್ನೂ ನೋಡಿದ್ದಾನೆ, ನೋಡಿ ಪಕ್ಕದ ಊರೇ ವಾಸಿ ಎಂದಿದ್ದಾನೆ.

ದುಡ್ಡಿಗಾಗಿ ಹೋದ ಎಂದು ಬೈಯಲೂ ಕ್ಲೀವ್‌ಲ್ಯಾಂಡಿಗೆ ದಾರಿಯಿರಲಿಲ್ಲ. ಲೆಬ್ರಾನ್, ಅವರಂತೆಯೇ ತಾರೆಗಳಾದ ಡ್ವೇನ್ ವೇಡ್, ಕ್ರಿಸ್ ಬಾಷ್ ಮೂವರೂ ತಮಗೆ ಸಿಗಬಹುದಾಗಿದ್ದ ಗರಿಷ್ಠ ಮೊತ್ತಕ್ಕಿಂತ ಕಡಿಮೆಗೇ ಒಪ್ಪಿ ಮಯಾಮಿಯಲ್ಲಿ ಒಟ್ಟಾಗಿದ್ದರು. ದುಡ್ಡಿಗೆ ಹೋದವನನ್ನು ಮನಸ್ಸು ಹೇಗೋ ಕ್ಷಮಿಸುತ್ತದೆ, ಹೊಟ್ಟೆಪಾಡು ಎನ್ನುತ್ತದೆ. ದುಡ್ಡು ಬಿಟ್ಟೂ ಹೋದ ಎಂದರೆ ನಮ್ಮಲ್ಲೇ ಏನೋ ಕೊರತೆಯಿದೆ ಎಂದಾಯಿತಲ್ಲ.

ಅಭಿಮಾನಿಗಳ ಸಿಟ್ಟಿಗೆ ತುಪ್ಪ ಸುರಿದವರು ತಂಡದ ಮಾಲೀಕ ಡ್ಯಾನ್ ಗಿಲ್ಬರ್ಟ್. ಅದೇ ರಾತ್ರಿ ಅವರು ಊರಿಗೆ ಬಹಿರಂಗ ಪತ್ರ ಬರೆದರು. ದ್ರೋಹ, ಸ್ವಾರ್ಥ, ಹೇಡಿತನ, ಏನುಂಟು ಏನಿಲ್ಲ. ಲೆಬ್ರಾನ್‌ಗಿಂತ ಮೊದಲು ಕ್ಲೀವ್‌ಲ್ಯಾಂಡೇ ಪ್ರಶಸ್ತಿ ಗೆಲ್ಲುತ್ತದೆ ಎಂದು ಪತ್ರದಲ್ಲಿ ಖುದ್ದು ಖಾತರಿ ಬೇರೆ ಕೊಟ್ಟರು. ಆ ಘನಗಂಭೀರ ಶಾಪವನ್ನು ಅಚ್ಚು ಮಾಡಿದ್ದು ‘ಕಾಮಿಕ್ ಸಾನ್ಸ್’ ಎಂಬ, ಮಕ್ಕಳ ಹುಟ್ಟುಹಬ್ಬದ ಕರೆಯೋಲೆಗೆ ಹೊಂದುವ ಅಕ್ಷರಗಳಲ್ಲಿ. ಅದು ಇಂದಿಗೂ ನಗೆಪಾಟಲಿನ ವಸ್ತು. ಗಿಲ್ಬರ್ಟ್ ಅವರದೇ ಇನ್ನೊಂದು ಕಂಪನಿ ಗೋಡೆಗೆ ಅಂಟಿಸುವ ಆಟಗಾರರ ದೊಡ್ಡ ಚಿತ್ರಗಳನ್ನು ಮಾರುತ್ತಿತ್ತು. ಅದು ಲೆಬ್ರಾನ್ ಚಿತ್ರದ ಬೆಲೆಯನ್ನು 99.99 ಡಾಲರಿನಿಂದ 17.41 ಡಾಲರಿಗೆ ಇಳಿಸಿತು. ಏನಿದು ವಿಚಿತ್ರ ಲೆಕ್ಕ ಎಂದರೆ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಕಡೆ ಸೇರಿದ ಬೆನೆಡಿಕ್ಟ್ ಆರ್ನಾಲ್ಡ್ ಹುಟ್ಟಿದ ವರ್ಷ 1741. ದ್ರೋಹಿ ಎಂಬ ಮಾತಿಗೆ ಅಲ್ಲಿ ಅವನ ಹೆಸರೇ ಅರ್ಥ.

ಕಪ್ಪು ಜನರ ಹಕ್ಕುಗಳ ಹೋರಾಟಗಾರ ಜೆಸ್ಸಿ ಜಾಕ್ಸನ್ ಆಗ ಒಂದು ಮಾತು ಹೇಳಿದರು: ಮಾಲೀಕನ ಈ ಪತ್ರ ಓಡಿಹೋದ ಗುಲಾಮನ ಮೇಲೆ ಒಡೆಯ ಕಿಡಿಕಾರಿದ ಹಾಗಿದೆ. ಗಿಲ್ಬರ್ಟ್ ಒಪ್ಪಲಿಲ್ಲ. ಲೀಗಿನ ಆಯುಕ್ತ ಡೇವಿಡ್ ಸ್ಟರ್ನ್ ಜಾಕ್ಸನ್ ಮಾತನ್ನೂ ಟೀಕಿಸಿದರು, ಗಿಲ್ಬರ್ಟ್‌ಗೆ 1 ಲಕ್ಷ ಡಾಲರ್ ದಂಡವನ್ನೂ ಹಾಕಿದರು. ಆದರೆ ಜಾಕ್ಸನ್ ಎತ್ತಿದ ಪ್ರಶ್ನೆ ಅಲ್ಲಿಗೇ ಸಾಯಲಿಲ್ಲ. ಮಾಲೀಕರಲ್ಲಿ ಬಹುಪಾಲು ಬಿಳಿಯರು, ಆಟಗಾರರಲ್ಲಿ ಬಹುಪಾಲು ಕಪ್ಪು ಜನ ಇರುವ ಲೀಗಿನಲ್ಲಿ ‘ನಿಷ್ಠೆ’ ಎಂಬ ಪದಕ್ಕೆ ಬೇರೆಯದೇ ಭಾರವಿದೆ. ಉಂಡ ಮನೆಗೆ ಎರಡು ಬಗೆದ ಎಂದು ಕೂಗುವವರು, ಆ ಮನೆಯಲ್ಲಿ ಬಡಿಸಿದವರು ಯಾರು, ದುಡಿದವರು ಯಾರು ಎಂದು ಒಮ್ಮೆ ಯೋಚಿಸಬೇಕಾಗುತ್ತದೆ.

ಹಾಗಿದ್ದೂ ಬೀದಿಯಲ್ಲಿ ಅಂಗಿ ಸುಟ್ಟ ಹುಡುಗನನ್ನು ಗಿಲ್ಬರ್ಟ್ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅವನಿಗೆ ಈ ಆಟದಲ್ಲಿ ಪಾಲಿಲ್ಲ, ಲಾಭವಿಲ್ಲ. ಅವನ ಬಂಡವಾಳ ‘ನಾವು’ ಎಂಬ ಒಂದು ಪದ.

ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪದದ ಬೆನ್ನು ಹತ್ತಿತ್ತು. ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಸೋಮವಾರದ ತರಗತಿಗೆ ವಿದ್ಯಾರ್ಥಿಗಳು ಏನು ತೊಟ್ಟು ಬರುತ್ತಾರೆಂದು ಅವರು ಎಣಿಸಿದರು. ವಾರದ ಕೊನೆಯಲ್ಲಿ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಿದ್ದರೆ ಕಾಲೇಜಿನ ಹೆಸರಿರುವ ಅಂಗಿಗಳು ಹೆಚ್ಚಾಗಿ ಕಾಣುತ್ತಿದ್ದವು. ಪಂದ್ಯದ ಬಗ್ಗೆ ಫೋನ್ ಮಾಡಿ ಕೇಳಿದರೆ, ಗೆದ್ದ ಪಂದ್ಯಕ್ಕೆ ‘ನಾವು’ ಹೆಚ್ಚು ಬರುತ್ತಿತ್ತು, ಸೋತದ್ದಕ್ಕೆ ಕಡಿಮೆ. ಕನ್ನಡದಲ್ಲಾದರೆ ಆ ಪದವನ್ನು ಬೇರೆ ಹೇಳಬೇಕಾಗಿಯೂ ಇಲ್ಲ, ಕ್ರಿಯಾಪದದ ಬಾಲದಲ್ಲೇ ಅದು ಅಡಗಿದೆ. ಚಿನ್ನಸ್ವಾಮಿ ಕ್ರೀಡಾಂಗಣದಿಂದ ಹೊರಬರುವವರ ಮಾತು ಕೇಳಿ: ‘ಗೆದ್ವಿ’ ಎನ್ನುತ್ತಾರೆ, ‘ಸೋತ್ರು’ ಎನ್ನುತ್ತಾರೆ.

ತಾರೆಯೊಬ್ಬ ತಂಡ ಬಿಟ್ಟಾಗ ಆ ಬಾಲವೇ ಕತ್ತರಿಸಿ ಬೀಳುತ್ತದೆ. ಏಳು ವರ್ಷ ‘ಗೆದ್ದೆವು’ ಎಂಬುದರ ಒಳಗಿದ್ದವನು ಒಂದೇ ವಾಕ್ಯದಲ್ಲಿ ‘ಅವರು’ ಆಗುತ್ತಾನೆ. ಇನ್ನೂ ಕಹಿಯಾದದ್ದೆಂದರೆ, ಅವನ ಕಡೆಯಿಂದ ಅಂಥ ‘ನಾವು’ ಮೊದಲಿಗೆ ಇತ್ತೇ ಎಂಬ ಅನುಮಾನ. ಅಭಿಮಾನಿಗೆ ಆಟಗಾರನ ಮಕ್ಕಳ ಹೆಸರು ಗೊತ್ತು, ಮೊಣಕಾಲಿನ ನೋವು ಗೊತ್ತು. ಆಟಗಾರನಿಗೆ ಅಭಿಮಾನಿ ಗೊತ್ತಿಲ್ಲ. ಈ ಒಮ್ಮುಖ ನಂಟು ಗೆಲುವಿನ ದಿನಗಳಲ್ಲಿ ಕಾಣಿಸುವುದಿಲ್ಲ.

2010ರ ಡಿಸೆಂಬರ್ 2ರಂದು ಲೆಬ್ರಾನ್ ಮಯಾಮಿ ಅಂಗಿಯಲ್ಲಿ, ಈಗ 6ನೇ ನಂಬರಿನೊಂದಿಗೆ, ಮೊದಲ ಬಾರಿಗೆ ಕ್ಲೀವ್‌ಲ್ಯಾಂಡಿಗೆ ಆಡಲು ಬಂದರು. ಕ್ರೀಡಾಂಗಣದಲ್ಲಿ ಪೊಲೀಸ್ ಬಂದೋಬಸ್ತ್ ಹೆಚ್ಚಿಸಲಾಗಿತ್ತು. ಚೆಂಡು ಅವರ ಕೈಗೆ ಬಂದಾಗಲೆಲ್ಲ ಇಪ್ಪತ್ತು ಸಾವಿರ ಗಂಟಲುಗಳ ಬೂ. ‘ಆಕ್ರನ್ ಕೂಡ ನಿನ್ನನ್ನು ದ್ವೇಷಿಸುತ್ತದೆ’ ಎಂಬ ಘೋಷಣೆ ಎದ್ದಿತು. ತವರೂರಿನ ಹೆಸರು ಹಿಡಿದು ಬೈದರೆ ನಾಟುತ್ತದೆ ಎಂಬುದು ಅಲ್ಲಿಯ ಜನಕ್ಕೂ ಗೊತ್ತು. ಲೆಬ್ರಾನ್ ಉತ್ತರ ಕೊಟ್ಟದ್ದು 38 ಅಂಕಗಳಲ್ಲಿ, ಅದರಲ್ಲಿ 24 ಮೂರನೇ ಕ್ವಾರ್ಟರ್ ಒಂದರಲ್ಲೇ. ಮಯಾಮಿ 118–90ರಿಂದ ಗೆದ್ದಿತು. ಕೊನೆಕೊನೆಗೆ ಬೂ ಎನ್ನಲೂ ಜನಕ್ಕೆ ಉಸಿರು ಉಳಿದಿರಲಿಲ್ಲ. ಆ ಋತುವಿನಲ್ಲಿ ಕ್ಯಾವಲಿಯರ್ಸ್ ಸತತ 26 ಪಂದ್ಯ ಸೋತಿತು. ಒಟ್ಟು 82ರಲ್ಲಿ ಗೆದ್ದದ್ದು 19. ಹಿಂದಿನ ಋತುವಿನಲ್ಲಿ ಅದೇ ತಂಡ ಗೆದ್ದದ್ದು 61. 2011ರ ಫೈನಲ್ಸ್‌ನಲ್ಲಿ ಮಯಾಮಿ ಡಲ್ಲಾಸ್ ಎದುರು ಸೋತಾಗ ಕ್ಲೀವ್‌ಲ್ಯಾಂಡಿನಲ್ಲಿ ಸಂಭ್ರಮ ನಡೆಯಿತು. ತಮ್ಮದಲ್ಲದ ಊರಿನ ಗೆಲುವಿಗೆ!

ಈ ಬೂ ಸದ್ದು ಭಾರತಕ್ಕೂ ಅಪರಿಚಿತವಲ್ಲ. 2024ರ ಐಪಿಎಲ್‌ಗೆ ಮುನ್ನ ಹಾರ್ದಿಕ್ ಪಾಂಡ್ಯ ಗುಜರಾತ್ ಟೈಟನ್ಸ್ ಬಿಟ್ಟು ಮುಂಬೈ ಇಂಡಿಯನ್ಸ್‌ಗೆ ಮರಳಿ, ರೋಹಿತ್ ಶರ್ಮಾ ಜಾಗದಲ್ಲಿ ನಾಯಕರಾದಾಗ ಅಹಮದಾಬಾದಿನಲ್ಲಿ ಮಾತ್ರವಲ್ಲ, ಸ್ವಂತ ಅಂಗಳ ವಾಂಖೆಡೆಯಲ್ಲೂ ಜನ ಅವರನ್ನು ಗೇಲಿ ಮಾಡಿದರು. ಟಾಸ್ ವೇಳೆ ನಿರೂಪಕ ಸಂಜಯ್ ಮಾಂಜ್ರೇಕರ್ ಮೈಕಿನಲ್ಲೇ ಪ್ರೇಕ್ಷಕರಿಗೆ ಸರಿಯಾಗಿ ನಡೆದುಕೊಳ್ಳಿ ಎನ್ನಬೇಕಾಯಿತು. ಮೂರು ತಿಂಗಳಲ್ಲಿ ಟಿ–20 ವಿಶ್ವಕಪ್ ಫೈನಲ್‌ನ ಕೊನೆಯ ಓವರ್ ಎಸೆದು ಬಂದ ಹಾರ್ದಿಕ್‌ಗೆ ಅದೇ ವಾಂಖೆಡೆ ಹೆಸರು ಕೂಗಿ ಕೂಗಿ ಜೈಕಾರ ಹಾಕಿತು.

ಒಕ್ಲಹೋಮ ಸಿಟಿಯ ಕತೆ ಇನ್ನಷ್ಟು ತೊಡಕಿನದು, ಅಷ್ಟೇ ತಮಾಷೆಯದು. 2016ರ ಮೇ ತಿಂಗಳಲ್ಲಿ ಕೆವಿನ್ ಡ್ಯುರಾಂಟ್ ಆಡುತ್ತಿದ್ದ ಒಕ್ಲಹೋಮ ಸಿಟಿ ಥಂಡರ್, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರಿನ ಸರಣಿಯಲ್ಲಿ 3–1ರಿಂದ ಮುಂದಿದ್ದು, ಕೈಗೆ ಬಂದ ತುತ್ತು ಕಳೆದುಕೊಂಡಿತು. ವಾರಿಯರ್ಸ್ ಆ ಋತುವಿನಲ್ಲಿ 82 ಪಂದ್ಯಗಳಲ್ಲಿ 73 ಗೆದ್ದಿದ್ದ ದಾಖಲೆಯ ತಂಡ. ಎರಡು ತಿಂಗಳು ತುಂಬುವ ಮೊದಲೇ, ಜುಲೈ 4ರಂದು, ತನ್ನನ್ನು ಸೋಲಿಸಿದ ಅದೇ ತಂಡವನ್ನು ಡ್ಯುರಾಂಟ್ ಸೇರಿದರು. ಹೊಸ ಟೀವಿ ಒಪ್ಪಂದದ ಹಣ ಬಂದು ಲೀಗಿನಲ್ಲಿ ಪ್ರತಿ ತಂಡದ ಸಂಬಳದ ಮಿತಿ ಒಂದೇ ವರ್ಷಕ್ಕೆ 7 ಕೋಟಿ ಡಾಲರಿನಿಂದ 9.4 ಕೋಟಿಗೆ ಜಿಗಿದಿತ್ತು. ಆ ಜಿಗಿತ ಇಲ್ಲದಿದ್ದರೆ ವಾರಿಯರ್ಸ್‌ಗೆ ಅವರನ್ನು ಕೊಳ್ಳುವುದು ಸುಲಭವಿರಲಿಲ್ಲ. ಲೆಕ್ಕಪತ್ರದ ಈ ಸಂಗತಿ ಒಕ್ಲಹೋಮದಲ್ಲಿ ಯಾರಿಗೂ ಬೇಕಿರಲಿಲ್ಲ. ಅವರಿಗೆ ಕಂಡದ್ದು, ಸೋತ ಮೇಲೆ ಗೆದ್ದವನ ಹೆಗಲಿಗೆ ಕೈ ಹಾಕಿ ಹೊರಟವನ ಬೆನ್ನು.

ಅವರ ಪ್ರತೀಕಾರಕ್ಕೆ ಸಿಕ್ಕ ಆಯುಧ ಕಪ್‌ಕೇಕ್. ಥಂಡರ್ ತಂಡದಲ್ಲಿ ಹಿಂದೆ ಆಡಿದ್ದ ಕೆಂಡ್ರಿಕ್ ಪರ್ಕಿನ್ಸ್, ಮೆತ್ತಗೆ ಆಡುವವರನ್ನು ಹಾಗೆಂದು ಛೇಡಿಸುತ್ತಿದ್ದರಂತೆ. ಡ್ಯುರಾಂಟ್ ಹೊರಟ ದಿನ ಜೊತೆಗಾರ ರಸೆಲ್ ವೆಸ್ಟ್‌ಬ್ರೂಕ್ ಬಾಯಿ ಬಿಟ್ಟು ಏನೂ ಹೇಳದೆ ತಟ್ಟೆಯಲ್ಲಿಟ್ಟ ಕಪ್‌ಕೇಕುಗಳ ಫೋಟೊ ಹಾಕಿದರು. ಊರಿಗೆ ಅರ್ಥವಾಯಿತು. 2017ರ ಫೆಬ್ರುವರಿ 11ರಂದು ಡ್ಯುರಾಂಟ್ ಎದುರಾಳಿಯಾಗಿ ಮರಳಿದಾಗ ಗ್ಯಾಲರಿಯಲ್ಲಿ ಕಪ್‌ಕೇಕ್ ಚಿತ್ರದ ಅಂಗಿಗಳು, ಕಪ್‌ಕೇಕ್ ವೇಷಗಳು, ‘ಕಪ್‌ಕೇಕ್’ ಕೂಗು. ಅವರು 34 ಅಂಕ ಗಳಿಸಿದರು, ವಾರಿಯರ್ಸ್ ಗೆದ್ದಿತು. ಪಂದ್ಯದ ಬಳಿಕ ಹೊಸ ಜೊತೆಗಾರರಾದ ಸ್ಟೀಫನ್ ಕರಿ ಮತ್ತು ಡ್ರೇಮಂಡ್ ಗ್ರೀನ್ ಅದೇ ಕಪ್‌ಕೇಕ್ ಅಂಗಿ ತೊಟ್ಟು ಹೊರಬಂದರು. ಮುಂದೆ ಎರಡು ವರ್ಷ ಎರಡು ಪ್ರಶಸ್ತಿ, ಎರಡರಲ್ಲೂ ಫೈನಲ್ಸ್‌ನ ಶ್ರೇಷ್ಠ ಆಟಗಾರ ಡ್ಯುರಾಂಟ್. ಆದರೂ ಚುಚ್ಚು ಆರಲಿಲ್ಲ. ಆ ಎರಡು ಪ್ರಶಸ್ತಿಗಳ ನಡುವೆ, 2017ರ ಸೆಪ್ಟೆಂಬರಿನಲ್ಲಿ, ಟ್ವಿಟರಿನಲ್ಲಿ ಒಬ್ಬ ಅಭಿಮಾನಿಗೆ ಅವರು ತನ್ನನ್ನೇ ‘ಅವನು’ ಎಂದು ಕರೆದುಕೊಂಡು, ಹಳೆಯ ತಂಡವನ್ನೂ ಕೋಚನ್ನೂ ದೂರಿ ಉತ್ತರ ಬರೆದು ಸಿಕ್ಕಿಬಿದ್ದರು. ಬೇರೆ ಹೆಸರಿನ ಖಾತೆಯಿಂದ ಬರೆಯಲು ಹೋಗಿ ಸ್ವಂತ ಖಾತೆಯಿಂದ ಬರೆದಿದ್ದಾರೆ ಎಂದು ಜಗತ್ತು ನಕ್ಕಿತು. ಅವರು ಕ್ಷಮೆ ಕೇಳಿದರು. ಕೋಟಿಗಟ್ಟಲೆ ಡಾಲರ್, ಪ್ರಶಸ್ತಿ ಇದ್ದವರೂ ರಾತ್ರಿ ಕೂತು ಬೈಗುಳ ಓದುತ್ತಾರೆ ಎಂಬುದು ಆ ದಿನ ಬಯಲಾಯಿತು.

ತಮಾಷೆ ಇರುವುದು ಇನ್ನೊಂದು ಕಡೆ. ಬಿಟ್ಟು ಹೋದ ಎಂದು ಒಕ್ಲಹೋಮ ಸಿಟಿ ಅತ್ತ ಆ ತಂಡವೇ ಇನ್ನೊಂದು ಊರನ್ನು ಬಿಟ್ಟು ಬಂದದ್ದು! ಅದರ ಮೂಲ ಹೆಸರು ಸಿಯಾಟಲ್ ಸೂಪರ್‌ಸೋನಿಕ್ಸ್. 1967ರಲ್ಲಿ ಹುಟ್ಟಿ, 1979ರಲ್ಲಿ ಪ್ರಶಸ್ತಿ ಗೆದ್ದು, 41 ವರ್ಷ ಸಿಯಾಟಲ್‌ನಲ್ಲಿ ಬೇರುಬಿಟ್ಟಿದ್ದ ತಂಡ. ಕಾಫಿ ಅಂಗಡಿಗಳ ಸರಪಳಿ ಸ್ಟಾರ್‌ಬಕ್ಸ್‌ನ ಹೊವರ್ಡ್ ಶುಲ್ಟ್ಸ್ 2006ರಲ್ಲಿ ಅದನ್ನು ಒಕ್ಲಹೋಮದ ಉದ್ಯಮಿ ಕ್ಲೇ ಬೆನೆಟ್ ನೇತೃತ್ವದ ಗುಂಪಿಗೆ ಮಾರಿದರು. ಹೊಸ ಕ್ರೀಡಾಂಗಣದ ಜಗಳ, ಕೋರ್ಟು ಕಚೇರಿ ಎಲ್ಲ ಮುಗಿದು 2008ರಲ್ಲಿ ತಂಡ ಗಂಟುಮೂಟೆ ಕಟ್ಟಿತು. ಡ್ಯುರಾಂಟ್ ತಮ್ಮ ಮೊದಲ ಋತುವನ್ನು ಆಡಿದ್ದೂ ಸಿಯಾಟಲ್‌ನಲ್ಲೇ. ಹಾಗಾಗಿ 2016ರಲ್ಲಿ ಒಕ್ಲಹೋಮದ ಕಣ್ಣೀರು ಕಂಡು ಸಿಯಾಟಲ್‌ನ ಅನೇಕರಿಗೆ ಒಳಗೊಳಗೇ ತಣ್ಣಗಾಯಿತು. ಆಟಗಾರ ಹೋದರೆ ಸುಡಲು ಅಂಗಿಯಾದರೂ ಇರುತ್ತದೆ. ತಂಡವೇ ಹೋದರೆ ಯಾವುದನ್ನು ಸುಡುವುದು?

ಮಾಲೀಕರು ಆಟಗಾರನನ್ನು ಕಳಿಸಿಬಿಡುವಾಗ ‘ನಿಷ್ಠೆ’ ಪದ ಯಾರ ಬಾಯಲ್ಲೂ ಬರುವುದಿಲ್ಲ ಎಂಬುದು ಆಟಗಾರರ ಹಳೆಯ ದೂರು. ಅದರಲ್ಲಿ ಹುರುಳಿದೆ. 2017ರ ಏಪ್ರಿಲ್‌ನಲ್ಲಿ ಬಾಸ್ಟನ್ ತಂಡದ ಐಸೇಯ ಥಾಮಸ್ ಅವರ ತಂಗಿ ಕಾರು ಅಪಘಾತದಲ್ಲಿ ತೀರಿಕೊಂಡರು. ಮರುದಿನವೇ ಪ್ಲೇ ಆಫ್ ಪಂದ್ಯ. ಥಾಮಸ್ ಆಡಿದರು, 33 ಅಂಕ ಗಳಿಸಿದರು. ಕೆಲವೇ ದಿನಗಳಲ್ಲಿ, ತಂಗಿಯ ಹುಟ್ಟುಹಬ್ಬದಂದು, 53 ಅಂಕ. ಸೊಂಟದ ನೋವಿನಲ್ಲೂ ಆಡಿದ ಅವರನ್ನು ಆಗಸ್ಟಿನಲ್ಲಿ ಬಾಸ್ಟನ್ ಬೇರೊಬ್ಬ ಆಟಗಾರನಿಗೆ ವಿನಿಮಯ ಮಾಡಿಕೊಂಡಿತು. ಅದಕ್ಕೆ ಅಲ್ಲಿ ‘ವ್ಯವಹಾರ’ ಎನ್ನುತ್ತಾರೆ. ಅದೇ ವ್ಯವಹಾರವನ್ನು ಆಟಗಾರ ಮಾಡಿದರೆ ದ್ರೋಹ.

ಮತ್ತೆ ಕ್ಲೀವ್‌ಲ್ಯಾಂಡಿಗೆ. ಮಯಾಮಿಯಲ್ಲಿ ನಾಲ್ಕು ವರ್ಷ, ನಾಲ್ಕು ಫೈನಲ್ಸ್, ಎರಡು ಪ್ರಶಸ್ತಿ. ಗಿಲ್ಬರ್ಟ್ ಖಾತರಿ ಗಾಳಿಗೆ ಹೋಯಿತು. 2014ರ ಜುಲೈ 11ರಂದು ಲೆಬ್ರಾನ್ ಮತ್ತೆ ಒಂದು ತೀರ್ಮಾನ ಪ್ರಕಟಿಸಿದರು. ಈ ಸಲ ಕ್ಯಾಮೆರಾ ಇಲ್ಲ, ನಿರೂಪಕ ಇಲ್ಲ. ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಗೆ ಅವರು ಹೇಳಿ, ಪತ್ರಕರ್ತ ಲೀ ಜೆಂಕಿನ್ಸ್ ಬರೆದುಕೊಂಡ ಪುಟ್ಟ ಲೇಖನ: ಮನೆಗೆ ಬರುತ್ತಿದ್ದೇನೆ ಎಂದು. ಅದರಲ್ಲಿ ಅಂಗಿ ಸುಟ್ಟವರ ಪ್ರಸ್ತಾಪವೂ ಇತ್ತು. ತಾನೊಬ್ಬ ಸಣ್ಣ ಹುಡುಗನಾಗಿದ್ದು, ಮೆಚ್ಚಿದ ಆಟಗಾರ ಹೀಗೆ ಬಿಟ್ಟು ಹೋಗಿದ್ದರೆ ತಾನು ಏನು ಮಾಡುತ್ತಿದ್ದೆನೋ ಎಂದು ಅವರು ತಮ್ಮನ್ನೇ ಕೇಳಿಕೊಂಡಿದ್ದರು. ಗಿಲ್ಬರ್ಟ್ ಜೊತೆ ಮುಖಾಮುಖಿ ಕೂತು ಮಾತಾಡಿ ಮುಗಿಸಿದ್ದನ್ನೂ ಹೇಳಿದ್ದರು. ತಪ್ಪಾಯಿತು ಎಂಬ ಉದ್ದನೆಯ ಮಾತೇನೂ ಅದರಲ್ಲಿಲ್ಲ. ಆಕ್ರನ್, ಈಶಾನ್ಯ ಒಹಾಯೊ, ಅಲ್ಲಿಯ ಮಕ್ಕಳು ಎಂಬ ಊರಿನ ಮಾತೇ ಹೆಚ್ಚು. ಊರಿಗೆ ಬೇಕಿದ್ದದ್ದೂ ಅದೇ. ಬೆಂಕಿಯಿಂದ ಉಳಿದ ಅಂಗಿಗಳು ಕಪಾಟಿನಿಂದ ಹೊರಬಂದವು. ಊರ ನಡುವಿನ ಅದೇ ಗೋಡೆಗೆ ಹೊಸ ಚಿತ್ರ ಏರಿತು.

2016ರ ಫೈನಲ್ಸ್‌ನಲ್ಲಿ ವಾರಿಯರ್ಸ್ ಎದುರು 3–1ರ ಹಿನ್ನಡೆಯಿಂದ ಮೇಲೆದ್ದ ಕ್ಯಾವಲಿಯರ್ಸ್ ಜೂನ್ 19ರಂದು ಏಳನೇ ಪಂದ್ಯವನ್ನು 93–89ರಿಂದ ಗೆದ್ದಿತು. ಫೈನಲ್ಸ್‌ನಲ್ಲಿ ಅಂಥ ಹಿನ್ನಡೆಯಿಂದ ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಕೊನೆಯ ಎರಡು ನಿಮಿಷಗಳಲ್ಲಿ ಆಂಡ್ರೆ ಇಗ್ವಡಾಲ ಬುಟ್ಟಿಗೆ ಹಾಕಲು ಹಾರಿದ ಚೆಂಡನ್ನು ಲೆಬ್ರಾನ್ ಹಿಂದಿನಿಂದ ಓಡಿ ಬಂದು ಹಲಗೆಗೆ ಬಡಿದದ್ದಕ್ಕೆ ‘ದಿ ಬ್ಲಾಕ್’ ಎಂದು ಹೆಸರಾಯಿತು. ಆ ಊರಿನ ಪಟ್ಟಿಯಲ್ಲಿ ಸೋಲಲ್ಲದ ಮೊದಲ ‘ದಿ’ ಅದು. 52 ವರ್ಷಗಳ ಬರ ಮುಗಿಯಿತು. ಮೂರು ದಿನಗಳ ಬಳಿಕ ನಡೆದ ಮೆರವಣಿಗೆಗೆ ಸೇರಿದ ಜನ ಸುಮಾರು 13 ಲಕ್ಷ ಎಂದು ಅಂದಾಜು, ಊರಿನ ಜನಸಂಖ್ಯೆಯ ಮೂರು ಪಟ್ಟಿಗೂ ಹೆಚ್ಚು.

ಎರಡು ವರ್ಷ ಕಳೆದು, 2018ರ ಜುಲೈ 1ರಂದು, ಲೆಬ್ರಾನ್ ಎರಡನೇ ಸಲ ಊರು ಬಿಟ್ಟರು. ನಾಲ್ಕು ವರ್ಷಕ್ಕೆ 15.4 ಕೋಟಿ ಡಾಲರಿನ ಕರಾರಿಗೆ ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ. ಅವರ ಏಜೆನ್ಸಿ ಕಳಿಸಿದ್ದು ನಾಲ್ಕು ಸಾಲಿಗೂ ಮೀರದ ಒಂದು ಪ್ರಕಟಣೆ. 2010ರ ಬೆಂಕಿ ಈ ಸಲ ಕಾಣಲಿಲ್ಲ. ಆ ತಿಂಗಳ ಕೊನೆಗೆ ಆಕ್ರನ್‌ನಲ್ಲಿ ಅವರ ಪ್ರತಿಷ್ಠಾನದ ನೆರವಿನ ‘ಐ ಪ್ರಾಮಿಸ್’ ಸರ್ಕಾರಿ ಶಾಲೆ ಬಾಗಿಲು ತೆರೆಯಿತು. ನವೆಂಬರ್ 21ರಂದು ಲೇಕರ್ಸ್ ಅಂಗಿಯಲ್ಲಿ ಬಂದ ಅವರನ್ನು ಕ್ಲೀವ್‌ಲ್ಯಾಂಡ್ ಎದ್ದು ನಿಂತು ಚಪ್ಪಾಳೆ ಹೊಡೆದು ಬರಮಾಡಿಕೊಂಡಿತು. ಅದೇ ಆಟಗಾರ, ಅದೇ ಕ್ರೀಡಾಂಗಣ, ಅದೇ ಬಗೆಯ ಬಿಟ್ಟು ಹೋಗುವಿಕೆ. ನಡುವೆ ಒಂದು ಬಾಕಿ ತೀರಿತ್ತು, ಹೇಳುವ ರೀತಿ ಬದಲಾಗಿತ್ತು.

ಬಾಕಿ ತೀರಿಸಿ ಹೋದವರ ಮೇಲೆ ಮುನಿಸು ಇರುವುದಿಲ್ಲ ಎಂಬುದಕ್ಕೆ ಟೊರಾಂಟೊ ಇನ್ನೊಂದು ಸಾಕ್ಷಿ. ಕವಾಯ್ ಲೆನಾರ್ಡ್ ಅಲ್ಲಿ ಆಡಿದ್ದು ಒಂದೇ ಋತು. 2019ರ ಜೂನ್‌ನಲ್ಲಿ ಆ ತಂಡಕ್ಕೆ ಮೊದಲ ಪ್ರಶಸ್ತಿ ಗೆದ್ದುಕೊಟ್ಟು ಜುಲೈನಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಹೊರಟರು. ಊರು ನಿಟ್ಟುಸಿರು ಬಿಟ್ಟಿತು, ಆದರೆ ಸುಡಲಿಲ್ಲ. ಡಿಸೆಂಬರಿನಲ್ಲಿ ಎದುರಾಳಿಯಾಗಿ ಬಂದಾಗ ಪ್ರಶಸ್ತಿಯ ಉಂಗುರ ಕೊಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿತು. ಇದೇ ಟೊರಾಂಟೊದ ಒಂದಷ್ಟು ಪ್ರೇಕ್ಷಕರು ಆ ಫೈನಲ್ಸ್‌ನಲ್ಲೇ, ಡ್ಯುರಾಂಟ್ ಹಿಮ್ಮಡಿಯ ಸ್ನಾಯುರಜ್ಜು ಹರಿದು ಕುಸಿದು ಕೂತಾಗ ಸಂಭ್ರಮಿಸಿ ಕೈ ಬೀಸಿದ್ದರು. ಟೊರಾಂಟೊ ಆಟಗಾರರೇ ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಬೇಕಾಯಿತು. ಹಾಗಾಗಿ ಕೆನಡಾದವರು ಸಭ್ಯರು ಎಂದು ಇಲ್ಲಿ ಷರಾ ಬರೆಯುವ ಹಾಗಿಲ್ಲ.

ಸಿಟ್ಟಿನ ದಿಕ್ಕೇ ತಿರುಗಿದ್ದು ಡಲ್ಲಾಸ್‌ನಲ್ಲಿ. 2025ರ ಫೆಬ್ರುವರಿಯ ಮೊದಲ ವಾರಾಂತ್ಯದ ನಡುರಾತ್ರಿ, ಡಲ್ಲಾಸ್ ಮ್ಯಾವರಿಕ್ಸ್ ತನ್ನ 25 ವರ್ಷದ ತಾರೆ, ಸ್ಲೊವೇನಿಯಾದ ಲೂಕಾ ಡಾನ್ಚಿಚ್ ಅವರನ್ನು ಲೇಕರ್ಸ್‌ಗೆ ವಿನಿಮಯ ಮಾಡಿಕೊಂಡಿತು. ಅವರು ಹೋಗುತ್ತೇನೆ ಎಂದಿರಲಿಲ್ಲ, ಯಾರೂ ಅವರನ್ನು ಕೇಳಿರಲೂ ಇಲ್ಲ. ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಶವಪೆಟ್ಟಿಗೆ ತಂದಿಟ್ಟರು, ಹೂವು ಇಟ್ಟರು, ಶೋಕಾಚರಣೆ ಮಾಡಿದರು. ಪಂದ್ಯ ಯಾವುದಿದ್ದರೂ ಪ್ರಧಾನ ವ್ಯವಸ್ಥಾಪಕ ನಿಕೊ ಹ್ಯಾರಿಸನ್ ಅವರನ್ನು ತೆಗೆದುಹಾಕಿ ಎಂಬ ಘೋಷಣೆ ತಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅವರನ್ನು ತೆಗೆದೂ ಹಾಕಲಾಯಿತು. ಸಿಟ್ಟು ಇಲ್ಲಿ ಆಟಗಾರನ ಅಂಗಿಯನ್ನು ಮುಟ್ಟಲಿಲ್ಲ. ಆ ಅಂಗಿಯನ್ನೇ ತೊಟ್ಟು ಬೀದಿಗೆ ಬಂತು.

ಅದಕ್ಕೂ ಮೊದಲು, ಅದೇ ವರ್ಷದ ಏಪ್ರಿಲ್ 9ರಂದು ಲೂಕಾ ಎದುರಾಳಿಯಾಗಿ ಡಲ್ಲಾಸಿಗೆ ಬಂದರು. ಆಟ ಶುರುವಾಗುವ ಮೊದಲು ದೊಡ್ಡ ಪರದೆಯ ಮೇಲೆ ಅವರ ಹಳೆಯ ಆಟದ ದೃಶ್ಯಗಳು ಓಡಿದವು. ಬೆಂಚಿನಲ್ಲಿ ಕೂತಿದ್ದ ಅವರು ಟವೆಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ಹೋಗಿ ಆ ಊರಿನ ತಂಡದ ಮೇಲೆ 45 ಅಂಕ ಗಳಿಸಿದರು. ಮನೆ ಅಂಗಳದ ಜನ ಎದುರಾಳಿಯ ಬುಟ್ಟಿಗೆ ಚಪ್ಪಾಳೆ ತಟ್ಟುತ್ತಾ ಹೋದರು, ತಮ್ಮ ತಂಡ ಸೋಲುತ್ತಾ ಹೋಯಿತು. ಪ್ರತಿ ಆಸನದ ಮೇಲೂ ಮೊದಲೇ ಒಂದೊಂದು ಟೀ ಶರ್ಟ್ ಇಟ್ಟಿದ್ದರು. ಅದರ ಮೇಲೆ ಟೆಕ್ಸಾಸಿನ ಹೆಚ್ಚಿನವರಿಗೆ ಓದಲೂ ಬಾರದ ಸ್ಲೊವೇನಿಯನ್ ಭಾಷೆಯ ಮೂರು ಪದಗಳಿದ್ದವು: ‘ಹ್ವಾಲಾ ಜಾ ಉಸೆ’, ಎಲ್ಲದಕ್ಕೂ ಧನ್ಯವಾದ.